ಬಾಟಲಿ ತುಂಬ ನೊಣ, ಆದರೂ ಮರದಡಿ ಹಣ್ಣು: ಕಿತ್ತಳೆ ತೋಟದಲ್ಲಿ ಹಣ್ಣು ನೊಣದ ಟ್ರ್ಯಾಪ್ ಕಟ್ಟುವ ಸರಿಯಾದ ಕ್ರಮ

ಕೊಡಗಿನಲ್ಲಿ ಮಳೆ ಬಿಟ್ಟು ಕಿತ್ತಳೆ ಬಣ್ಣಕ್ಕೆ ತಿರುಗುವ ಹೊತ್ತಿಗೆ ನನಗೆ ಒಂದೇ ತರಹದ ಫೋನು ಬರುತ್ತದೆ. "ಹತ್ತು ಟ್ರ್ಯಾಪ್ ಕಟ್ಟಿದೀನಿ ಮಾರಾಯ. ಬಾಟ್ಲಿ ತುಂಬ ನೊಣ ಬಿದ್ದಿದೆ. ಹಣ್ಣು ಮಾತ್ರ ಉದುರ್ತಾನೇ ಇದೆ. ಲ್ಯೂರ್ ಡೂಪ್ಲಿಕೇಟಾ?"

ಡೂಪ್ಲಿಕೇಟ್ ಅಲ್ಲ. ಬಾಟಲಿ ತುಂಬ ನೊಣ ಬಿದ್ದಿದೆ ಅಂದಮೇಲೆ ಲ್ಯೂರ್, ಅಂದರೆ ನೊಣವನ್ನು ಸೆಳೆಯುವ ವಾಸನೆಯ ಮದ್ದು, ತನ್ನ ಕೆಲಸ ಮಾಡಿದೆ. ತಪ್ಪಿರುವುದು ನಮ್ಮ ಕ್ರಮ.

ವಿಷಯ ಇಷ್ಟೇ. ಮಿಥೈಲ್ ಯೂಜಿನಾಲ್ ಅನ್ನುವ ಲ್ಯೂರ್ ಹಾಕಿದ ಟ್ರ್ಯಾಪಿಗೆ ಬಂದು ಬೀಳುವುದು ಗಂಡು ನೊಣ. ಹಣ್ಣಿಗೆ ಚುಚ್ಚಿ ಮೊಟ್ಟೆ ಇಡುವುದು ಹೆಣ್ಣು. ಗಂಡನ್ನು ಮೊದಲೇ ಖಾಲಿ ಮಾಡಿದರೆ ಹೆಣ್ಣಿಗೆ ಜೋಡಿ ಸಿಗುವುದಿಲ್ಲ, ಮೊಟ್ಟೆ ಫಲಿಸುವುದಿಲ್ಲ. ಇದೇ ಟ್ರ್ಯಾಪಿನ ಲೆಕ್ಕಾಚಾರ. ಆದರೆ ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಅರ್ಧ ಗಂಡು ಹಿಡಿದರೆ ಅರ್ಧ ಕೆಲಸ ಆಯ್ತು ಅಂತಲ್ಲ, ಉಳಿದರ್ಧವೇ ಎಲ್ಲಾ ಹೆಣ್ಣುಗಳಿಗೂ ಸಾಕು. ಆಗಲೇ ಕೂಡಿ ಆಗಿರುವ ಹೆಣ್ಣನ್ನಂತೂ ಈ ಟ್ರ್ಯಾಪ್ ಏನೂ ಮಾಡುವುದಿಲ್ಲ. ಹಾಗಾಗಿ ಹಣ್ಣು ಉದುರಲು ಶುರುವಾದ ಮೇಲೆ ಟ್ರ್ಯಾಪ್ ತಂದವರಿಗೆ ಆ ವರ್ಷ ದೊಡ್ಡ ಲಾಭ ಆಗುವುದಿಲ್ಲ. ನಾನೂ ಮೊದಲ ವರ್ಷ ನವೆಂಬರ್‌ನಲ್ಲಿ ಕಟ್ಟಿ, ಬಾಟಲಿಯಲ್ಲಿ ಬಿದ್ದ ನೊಣ ನೋಡಿ ಖುಷಿಪಟ್ಟು, ಹಣ್ಣು ಕಳೆದುಕೊಂಡವನೇ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಬಿಟ್ಟು ಆರನೆಯದಕ್ಕೆ ಹಾರಬೇಡಿ.

1. ಮೊದಲು ಉದುರಿದ ಹಣ್ಣು ಕುಯ್ದು ನೋಡಿ

ಕಿತ್ತಳೆ ಉದುರಲು ಕಾರಣ ಹತ್ತಾರು. ನೊಣದ್ದೇ ಕಾಟ ಅಂತ ಖಾತ್ರಿ ಮಾಡಿಕೊಳ್ಳದೆ ದುಡ್ಡು ಖರ್ಚು ಮಾಡಬೇಡಿ.

ಹೊಸದಾಗಿ ಉದುರಿದ ಹತ್ತು ಹಣ್ಣು ಬೇರೆ ಬೇರೆ ಮರಗಳ ಕೆಳಗಿಂದ ಆರಿಸಿ. ಕೊಳೆತು ನೀರಾದ ಹಣ್ಣು ಬೇಡ. ಒಂದು ಬಿಳಿ ತಟ್ಟೆಯ ಮೇಲಿಟ್ಟು ಅಡ್ಡ ಕುಯ್ಯಿರಿ. ತೊಳೆಗಳ ನಡುವೆ ಬೆಳ್ಳಗಿನ, ಕಾಲಿಲ್ಲದ ಹುಳ ಕಾಣುತ್ತದಾ? ಒಂದನ್ನು ತಟ್ಟೆಗೆ ಬೀಳಿಸಿ ಸುಮ್ನೆ ನೋಡುತ್ತಿರಿ. ಬಲಿತ ಹುಳ ಬಾಲವನ್ನು ಬಾಯಿಗೆ ಸೇರಿಸಿ ಬಳೆಯ ಹಾಗೆ ಬಗ್ಗುತ್ತದೆ, ಆಮೇಲೆ ಟಣ್ಣನೆ ಎಗರುತ್ತದೆ. ತಟ್ಟೆಯಿಂದ ಆಚೆ ಬೀಳುವಷ್ಟು ಎಗರುತ್ತದೆ. ಎಗರಿದರೆ ಅದು ಹಣ್ಣು ನೊಣದ ಮರಿಯೇ.

ಇಲ್ಲಿ ಮೋಸ ಹೋಗುವುದು ಎರಡು ಕಡೆ. ಕೊಳೆತ ಹಣ್ಣಿನ ಸುತ್ತ ಹಾರುವ, ಬಾಳೆಹಣ್ಣಿಗೆ ಮುತ್ತುವ ಪುಟಾಣಿ ನೊಣಗಳ ಮರಿಯೂ ಹಣ್ಣಿನಲ್ಲಿ ಸಿಗುತ್ತದೆ. ಅವು ತೀರಾ ಸಣ್ಣವು, ಕೊಳೆತ ಮೇಲೆ ಬಂದವು, ಹಣ್ಣು ಉದುರಿಸಿದವು ಅಲ್ಲ. ಎರಡನೆಯದು ರಾತ್ರಿ ಬರುವ, ಹಣ್ಣಿನ ರಸ ಹೀರುವ ಪತಂಗ. ಅದು ಚುಚ್ಚಿದ ಹಣ್ಣಿನಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಇರುತ್ತದೆ. ಅಮುಕಿದರೆ ಅಲ್ಲಿಂದ ರಸ ಒಸರುತ್ತದೆ, ಒಳಗೆ ತಿರುಳು ಒಣಗಿ ಸ್ಪಂಜಿನ ಹಾಗಿರುತ್ತದೆ, ಹುಳ ಇರುವುದಿಲ್ಲ. ಪತಂಗದ ಕಾಟಕ್ಕೆ ಈ ಟ್ರ್ಯಾಪ್ ಕಟ್ಟಿದರೆ ಏನೂ ಆಗುವುದಿಲ್ಲ. ಅನುಮಾನ ಇದ್ದರೆ ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ. ಹಣ್ಣಿನ ಮೇಲೆ ಕೂತ ಪತಂಗದ ಕಣ್ಣು ಬೆಳಕಿಗೆ ಹೊಳೆಯುತ್ತದೆ.

ನೊಣವನ್ನೇ ಗುರುತಿಸಬೇಕಾದರೆ: ಮನೆ ನೊಣದಷ್ಟೇ ಗಾತ್ರ, ನೋಡಲು ಸಣ್ಣ ಕಣಜದ ಹಾಗೆ. ಪಾರದರ್ಶಕ ರೆಕ್ಕೆ, ಎದೆಯ ಎರಡು ಪಕ್ಕ ಹಳದಿ ಪಟ್ಟಿ, ಹೊಟ್ಟೆಯ ಮೇಲೆ ಕಪ್ಪು ಇಂಗ್ಲಿಷ್ ‘ಟಿ’ ಆಕಾರದ ಗುರುತು. ಹೆಣ್ಣಿಗೆ ಹಿಂದೆ ಚೂಪಾದ ಮೊನೆ ಇರುತ್ತದೆ. ವಿಜ್ಞಾನದ ಹೆಸರು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಮಾವಿನ ತೋಟದಲ್ಲಿ ಹುಳ ಬೀಳಿಸುವುದೂ ಇದೇ.

ಲಿಂಬೆ ಬೆಳೆಯುವವರಿಗೆ ಒಂದು ಮಾತು. ಹುಳಿ ಲಿಂಬೆ ಈ ನೊಣಕ್ಕೆ ಅಷ್ಟು ಇಷ್ಟವಾದ ಹಣ್ಣಲ್ಲ. ಇಂಡಿ ಕಡೆ ಲಿಂಬೆ ಹಳದಿಯಾಗಿ ಉದುರಿದರೆ ನೊಣದ ಮೇಲೆ ಹೊರಿಸುವ ಮುಂಚೆ ಕುಯ್ದು ನೋಡಿ. ಕಿತ್ತಳೆ, ಮೋಸಂಬಿ, ಚಕ್ಕೋತದ ಕತೆ ಬೇರೆ.

2. ದಿನ ಲೆಕ್ಕ ಹಾಕಿ

ಮೊಟ್ಟೆ ಒಡೆಯಲು ಒಂದರಿಂದ ಮೂರು ದಿನ. ಹುಳ ಹಣ್ಣಿನೊಳಗೆ ಒಂದು ವಾರದಿಂದ ಎರಡು ವಾರ. ಆಮೇಲೆ ಹಣ್ಣಿನಿಂದ ಇಳಿದು ಮಣ್ಣಿನಲ್ಲಿ ಕೋಶವಾಗಿ ಸುಮಾರು ಹತ್ತು ಹನ್ನೆರಡು ದಿನ. ಒಟ್ಟು ಮೂರು ನಾಲ್ಕು ವಾರಕ್ಕೆ ಹೊಸ ನೊಣ. ಚಳಿ ಇದ್ದರೆ ಇನ್ನೂ ಜಾಸ್ತಿ ದಿನ. ಹೊಸದಾಗಿ ಹುಟ್ಟಿದ ಹೆಣ್ಣು ಮೊಟ್ಟೆ ಇಡಲು ಸುಮಾರು ಹತ್ತು ದಿನ ತಿಂದು ಬಲಿಯಬೇಕು.

ಅಂದರೆ ಹಣ್ಣು ಬಣ್ಣಕ್ಕೆ ತಿರುಗುವ ಮುಂಚೆ ನೊಣದ ಎರಡು ತಲೆಮಾರಾದರೂ ಟ್ರ್ಯಾಪಿಗೆ ಸಿಗಬೇಕು. ಎರಡು ತಿಂಗಳು ಮುಂಚೆ ಕಟ್ಟಿ ಅನ್ನುವುದು ಅದಕ್ಕೇ. ಕೊಡಗಿನ ಮುಖ್ಯ ಬೆಳೆ ನವೆಂಬರ್ ನಂತರ ಕೊಯ್ಲಿಗೆ ಬರುತ್ತದೆ ಅಂತಿಟ್ಟುಕೊಂಡರೆ ಆಗಸ್ಟ್ ಕೊನೆ, ತಡ ಅಂದರೆ ಸೆಪ್ಟೆಂಬರ್ ಮೊದಲ ವಾರ. ಮಳೆ ಸುರಿಯುತ್ತಿರುತ್ತದೆ, ತೋಟಕ್ಕೆ ಕಾಲಿಡಲು ಮನಸ್ಸಾಗುವುದಿಲ್ಲ, ಗೊತ್ತು. ಆದರೆ ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಅಲ್ಲಿನ ಕಿನ್ನೋ ತೋಟಗಳಿಗೆ ಹೇಳುವುದೂ ಆಗಸ್ಟ್ ಎರಡನೇ ವಾರವೇ. ಕಿನ್ನೋ ಅಲ್ಲಿ ಚಳಿಗಾಲದಲ್ಲಿ ಕೊಯ್ಲಾಗುವ ಕಿತ್ತಳೆ ಜಾತಿಯ ಹಣ್ಣು.

ಈಗ ನಿಮ್ಮ ತೋಟದ ಸುತ್ತ ಒಂದು ಸುತ್ತು ಹಾಕಿ. ನೊಣ ಕಿತ್ತಳೆಗಾಗಿ ಕಾಯುತ್ತಾ ಕೂತಿರುವುದಿಲ್ಲ. ಏಪ್ರಿಲ್‌ನಿಂದ ಜೂನ್ ತನಕ ಮಾವು, ಆಮೇಲೆ ಮಳೆಗಾಲದ ಸೀಬೆ, ಅದು ಮುಗಿಯುವ ಹೊತ್ತಿಗೆ ನಿಮ್ಮ ಕಿತ್ತಳೆ. ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಪಕ್ಕ ಯಾರೂ ಕೇಳದ ಒಂದು ಸೀಬೆ ಮರ ಇರುತ್ತದಲ್ಲ, ಹುಳ ಬಿದ್ದ ಹಣ್ಣನ್ನು ಮಕ್ಕಳೂ ಮುಟ್ಟದ ಮರ, ಅದೇ ನಿಮ್ಮ ತೋಟದ ನೊಣದ ನರ್ಸರಿ. ನಿಮ್ಮ ಮೊದಲ ಟ್ರ್ಯಾಪ್ ಅಲ್ಲೇ. ಜುಲೈಯಲ್ಲೇ ಕಟ್ಟಿದರೂ ಬೇಗ ಆಯ್ತು ಅನ್ನಬೇಡಿ.

3. ನೆಲ ಚೊಕ್ಕಟ ಮಾಡದೆ ಟ್ರ್ಯಾಪ್ ಮುಟ್ಟಬೇಡಿ

ಬೇಜಾರಿನ ಕೆಲಸ ಇದು. ಎಲ್ಲರೂ ಬಿಡುವುದೂ ಇದನ್ನೇ. ಟ್ರ್ಯಾಪ್ ಕೆಲಸ ಮಾಡಲಿಲ್ಲ ಅಂದ ತೋಟಗಳಿಗೆ ಹೋದಾಗ ಹೆಚ್ಚಿನ ಕಡೆ ನನಗೆ ಕಂಡದ್ದು ಮರದಡಿ ಹರಡಿದ ಹಣ್ಣೇ.

ಉದುರಿದ ಹಣ್ಣನ್ನು ಎರಡು ಮೂರು ದಿನಕ್ಕೊಮ್ಮೆ ಆರಿಸಬೇಕು. ವಾರಕ್ಕೊಮ್ಮೆ ಸಾಲದು, ಅಷ್ಟರಲ್ಲಿ ಬಲಿತ ಹುಳ ಹಣ್ಣು ಬಿಟ್ಟು ಮಣ್ಣಿಗೆ ಇಳಿದಿರುತ್ತದೆ. ನೀವು ಆರಿಸುವುದು ಖಾಲಿ ಸಿಪ್ಪೆ. ಮರದಲ್ಲೇ ಇದ್ದು ಅಕಾಲದಲ್ಲಿ ಹಳದಿಯಾದ, ಚುಚ್ಚಿದ ಜಾಗ ಮೆತ್ತಗಾದ ಹಣ್ಣನ್ನೂ ಕಿತ್ತು ಹಾಕಿ. ಕಾಫಿ ಗಿಡದ ಬುಡಕ್ಕೆ ಉರುಳಿದವನ್ನು ಬಿಡಬೇಡಿ.

ಆರಿಸಿದ ಹಣ್ಣಿಗೆ ಮೂರು ದಾರಿ:

- ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಕಾಫಿ ಒಣಗಿಸುವ ಕಣದಲ್ಲಿ ಹತ್ತು ದಿನ ಬಿಸಿಲಿಗಿಡಿ. ಮರದ ನೆರಳಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಹುಳ ಸಾಯುವುದು ಒಳಗಿನ ಕಾವಿಗೆ.
- ಬಿಸಿಲಿಲ್ಲದ ದಿನಗಳಲ್ಲಿ ಡ್ರಮ್ಮಿನಲ್ಲಿ ನೀರು ತುಂಬಿ ಹಣ್ಣು ಮುಳುಗಿಸಿ, ಮೇಲೆ ಕಲ್ಲು ಹೇರಿ. ತೇಲಿದ ಹಣ್ಣಿನ ಹುಳ ಸಾಯುವುದಿಲ್ಲ.
- ಎರಡಡಿಗಿಂತ ಆಳದ ಗುಂಡಿ ತೋಡಿ, ಹಾಕಿದ ದಿನವೇ ಮೇಲೆ ಒಂದೂವರೆ ಅಡಿ ಮಣ್ಣು ಮುಚ್ಚಿ ತುಳಿಯಿರಿ.

ಮಾಡಬಾರದ್ದು: ಗೊಬ್ಬರದ ಗುಂಡಿಗೆ ಎಸೆಯುವುದು, ತೋಡಿನ ದಂಡೆಗೆ ಸುರಿಯುವುದು, ಬೇಲಿಯಾಚೆ ಎಸೆಯುವುದು. ಬೇಲಿ ನಿಮಗೆ ಬೇಲಿ, ನೊಣಕ್ಕಲ್ಲ.

ಇನ್ನು ಮಣ್ಣು. ಕೋಶ ಇರುವುದು ಮೇಲಿನ ಎರಡರಿಂದ ಐದು ಸೆಂ.ಮೀ. ಒಳಗೇ. ನೋಡಲು ಕಂದು ಬಣ್ಣದ ಗೋಧಿ ಕಾಳಿನ ಹಾಗೆ. ಮರದಡಿ ತರಗೆಲೆ ಸರಿಸಿ, ಕುಂಟೆ ಅಥವಾ ಕೈಗುದ್ದಲಿಯಿಂದ ಮೇಲೆ ಮೇಲೆ ಕೆರೆದರೆ ಸಾಕು. ಕಾಫಿಯ ಬೇರು ಮೇಲೇ ಇರುತ್ತದೆ, ಆಳಕ್ಕೆ ಅಗೆದರೆ ಅತ್ತ ಕಿತ್ತಳೆಗೂ ಇಲ್ಲ, ಇತ್ತ ಕಾಫಿಗೂ ಇಲ್ಲ. ಮನೆಯಲ್ಲಿ ನಾಟಿ ಕೋಳಿ ಇದ್ದರೆ ಕೆರೆದ ದಿನ ಬಿಡಿ. ಕಾಳು ಅಂದುಕೊಂಡೇ ಹೆಕ್ಕುತ್ತವೆ.

4. ಬೇಕಾದ ಸಾಮಾನು

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಟ್ರ್ಯಾಪ್ ತಂದರೂ ಸರಿ, ನೀರಿನ ಬಾಟಲಿಯಲ್ಲಿ ಮಾಡಿದರೂ ಸರಿ. ನೊಣಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಲ್ಯೂರ್ ವಿಷಯದಲ್ಲಿ ಮಾತ್ರ ಹುಷಾರಾಗಿರಿ.

ಕಿತ್ತಳೆ, ಮಾವು, ಸೀಬೆಗೆ ಮಿಥೈಲ್ ಯೂಜಿನಾಲ್. ಸೌತೆ, ಹಾಗಲ, ಕುಂಬಳದಂಥ ಬಳ್ಳಿ ತರಕಾರಿಗೆ ಕ್ಯೂ ಲ್ಯೂರ್. ಎರಡರ ಪೊಟ್ಟಣ ಒಂದೇ ತರಹ ಕಾಣುತ್ತದೆ, ಅಂಗಡಿಯವರು "ಹಣ್ಣು ನೊಣದ ಲ್ಯೂರ್" ಅಂತ ಕೊಟ್ಟುಬಿಡುತ್ತಾರೆ. ಒಬ್ಬರು ಒಂದು ಸೀಸನ್ ಪೂರ್ತಿ ಕಿತ್ತಳೆ ಮರದಲ್ಲಿ ಕ್ಯೂ ಲ್ಯೂರ್ ನೇತುಹಾಕಿ, ನಮ್ಮ ತೋಟದಲ್ಲಿ ನೊಣವೇ ಇಲ್ಲ ಅಂತ ನೆಮ್ಮದಿಯಾಗಿದ್ದರು.

ಇನ್ನೊಂದು ಪ್ರಶ್ನೆ ಕೇಳಿ: ಈ ಲ್ಯೂರ್‌ನಲ್ಲಿ ವಿಷ ಸೇರಿದೆಯಾ ಇಲ್ಲವಾ? ಸೇರಿಲ್ಲದಿದ್ದರೆ ಬಾಟಲಿಯ ತಳದಲ್ಲಿ ಎರಡು ಬೆರಳು ಸೋಪಿನ ನೀರು ಇರಲೇಬೇಕು. ಇಲ್ಲದಿದ್ದರೆ ನೊಣ ಬಂದು ತಿಂದು ಹಾರಿಹೋಗುತ್ತದೆ.

ಬಾಟಲಿ ಟ್ರ್ಯಾಪಿಗೆ ಬೇಕಾದ್ದು:

- ಒಂದು ಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿ, ಮುಚ್ಚಳ ಸಮೇತ. ಒಳಗೆ ಕಾಣುವಂತಿದ್ದರೆ ಎಣಿಸಲು ಸುಲಭ
- ಪ್ಲೈವುಡ್ ತುಂಡು, 5 ಸೆಂ.ಮೀ. ಉದ್ದ, 5 ಅಗಲ, ಸುಮಾರು 1.2 ದಪ್ಪ
- ತುಕ್ಕು ಹಿಡಿಯದ ತಂತಿ, ಮೊಳೆ, ದಪ್ಪ ಸೂಜಿ, ಇಕ್ಕಳ, ಬ್ಲೇಡು
- ಗ್ರೀಸು, ಜೊತೆಗೆ ಮೇಣ ಅಥವಾ ಎಂ-ಸೀಲ್
- ರಬ್ಬರ್ ಕೈಗವಸು ಎರಡು ಜೊತೆ. ಒಂದು ಲ್ಯೂರ್ ಮುಟ್ಟಲು, ಇನ್ನೊಂದು ಬಾಟಲಿ ಮುಟ್ಟಲು

ಎರಡು ಜೊತೆ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

5. ಟ್ರ್ಯಾಪ್ ತಯಾರಿ

*ಪ್ಲೈವುಡ್ ನೆನೆಸುವುದು.* ಎಥನಾಲ್ 6 ಪಾಲು, ಮಿಥೈಲ್ ಯೂಜಿನಾಲ್ 4 ಪಾಲು, ಮಲಾಥಿಯಾನ್ ಕೀಟನಾಶಕ 1 ಪಾಲು. ಗಾಜಿನ ಅಗಲ ಬಾಯಿಯ ಜಾಡಿಯಲ್ಲಿ ಬೆರೆಸಿ, ತುಂಡುಗಳನ್ನು ಮುಳುಗಿಸಿ, ಮುಚ್ಚಳ ಹಾಕಿ ಎರಡರಿಂದ ಮೂರು ದಿನ ಬಿಡಿ. ಹೊತ್ತಿಕೊಳ್ಳುವ ಸಾಮಾನು, ಒಲೆಯ ಹತ್ತಿರ ಬೇಡ. ಅಡುಗೆಮನೆಯ ಜಾಡಿ, ಸೌಟು ಇದಕ್ಕೆ ತರಬೇಡಿ, ತಂದರೆ ವಾಪಸ್ ಅಡುಗೆಮನೆಗೆ ಹೋಗಬಾರದು. ಹತ್ತಿ ಉಂಡೆಯಲ್ಲೂ ಮಾಡುವವರಿದ್ದಾರೆ, ಅದು ಬೇಗ ಒಣಗುತ್ತದೆ. ನಾಲ್ಕೈದು ಟ್ರ್ಯಾಪ್ ಮಾತ್ರ ಬೇಕು ಅನ್ನುವವರು ಈ ರಗಳೆಗೆ ಬೀಳದೆ ಲ್ಯೂರ್ ನೆನೆಸಿದ ರೆಡಿ ಬ್ಲಾಕ್ ತನ್ನಿ ಅನ್ನುವುದು ನನ್ನ ಸಲಹೆ.

ಹಳೇ ಪುಸ್ತಿಕೆಗಳಲ್ಲಿ ಮಲಾಥಿಯಾನ್ ಜಾಗದಲ್ಲಿ ಡೈಕ್ಲೋರ್ವಾಸ್ ಅಂತ ಇರುತ್ತದೆ. 2020ರ ಕೊನೆಗೆ ಅದು ದೇಶದಲ್ಲಿ ನಿಷೇಧವಾಗಿದೆ. ಶೆಡ್ಡಿನ ಮೂಲೆಯಲ್ಲಿ ಹಳೇ ಡಬ್ಬಿ ಉಳಿದಿದ್ದರೂ ಮುಟ್ಟಬೇಡಿ.

*ತೂತು.* ಬಾಟಲಿಯ ಭುಜದಿಂದ ನಾಲ್ಕು ಬೆರಳು ಕೆಳಗೆ, ಎದುರುಬದುರಾಗಿ ನಾಲ್ಕು ಕಡೆ. ಹೆಬ್ಬೆರಳು ತೂರುವಷ್ಟು ದೊಡ್ಡದು. ಪೂರ್ತಿ ಕತ್ತರಿಸಿ ತೆಗೆಯಬೇಡಿ. ಮೂರು ಕಡೆ ಕೊಯ್ದು, ಮೇಲಿನ ಅಂಚು ಬಿಟ್ಟು, ಆ ಪ್ಲಾಸ್ಟಿಕ್ಕನ್ನು ಹೊರಗೆ ಬಗ್ಗಿಸಿ. ಕಿಟಕಿಯ ಸಜ್ಜಾ ಇದ್ದ ಹಾಗೆ ಆಗುತ್ತದೆ, ಮಳೆ ಒಳಗೆ ಹೊಡೆಯುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಮಳೆಗೆ ಈ ಸಜ್ಜಾ ಇಲ್ಲದ ಟ್ರ್ಯಾಪ್ ಎರಡು ದಿನದಲ್ಲಿ ನೀರಿನ ಬಾಟಲಿಯೇ.

*ನೀರು ಹೋಗುವ ತೂತು.* ಕಾಯಿಸಿದ ಸೂಜಿಯಿಂದ ತಳದಲ್ಲಿ ಮೂರು ನಾಲ್ಕು. ಸೋಪಿನ ನೀರು ಹಾಕುವ ಟ್ರ್ಯಾಪಿಗೆ ಇದು ಬೇಡ.

*ತಂತಿ.* ಕಾಯಿಸಿದ ಮೊಳೆಯಿಂದ ಮುಚ್ಚಳಕ್ಕೆ ತೂತು ಮಾಡಿ ತಂತಿ ತೂರಿಸಿ. ಒಳಗಿನ ತುದಿಗೆ ಪ್ಲೈವುಡ್ ತುಂಡು. ತುಂಡು ಬಾಟಲಿಯ ಬಾಯಲ್ಲಿ ತೂರದು, ಹಾಗಾಗಿ ತಳದ ಕಡೆ ಮುಕ್ಕಾಲು ಸುತ್ತು ಕೊಯ್ದು ಅಲ್ಲಿಂದ ಒಳಗೆ ಸೇರಿಸಿ ಟೇಪ್ ಸುತ್ತಬೇಕು. ಬಾಯಿಯಿಂದಲೇ ಹಾಕಬೇಕು ಅಂದರೆ ತುಂಡನ್ನು ಬಾಯಲ್ಲಿ ತೂರುವಷ್ಟು ಅಗಲದ ಪಟ್ಟಿ ಮಾಡಿ. ತುಂಡು ತೂತುಗಳ ಮಟ್ಟಕ್ಕೆ ನೇತಾಡಲಿ. ಮುಚ್ಚಳದ ತೂತಿಗೆ ಮೇಣ ಮೆತ್ತಿ.

ಈಗ ಎರಡು ಜೊತೆ ಕೈಗವಸಿನ ವಿಷಯ. ಲ್ಯೂರ್ ಮುಟ್ಟಿದ ಕೈಯಲ್ಲೇ ಬಾಟಲಿಯ ಹೊರಮೈ ಹಿಡಿದರೆ ವಾಸನೆ ಹೊರಗೂ ಮೆತ್ತುತ್ತದೆ. ಆಮೇಲೆ ನೊಣ ಹೊರಗೇ ಕೂತು ಬಾಟಲಿ ನೆಕ್ಕುತ್ತದೆ, ಒಳಗೆ ಹೋಗುವುದೇ ಇಲ್ಲ. ಒಂದು ಸಲ ಮಡಿಕೇರಿ ಕಡೆಯ ತೋಟವೊಂದರಲ್ಲಿ ನೋಡಿದ್ದು: ಬಾಟಲಿಯ ಹೊರಗೆ ಎಂಟು ಹತ್ತು ನೊಣ ಸಾಲಾಗಿ ಐದು ಬೆರಳಿನ ಗುರುತಿನ ಮೇಲೇ ಕೂತಿದ್ದವು. ಕಟ್ಟಿದ ಹುಡುಗನ ಅಂಗಿಯ ತೋಳಿನ ಮೇಲೂ ಎರಡು. ಹೀಗಾದರೆ ಬಾಟಲಿಯನ್ನು ಸೋಪು ಹಾಕಿ ತೊಳೆಯಿರಿ, ಹೋಗದಿದ್ದರೆ ಬಿಸಾಡಿ. ವಾಸನೆ ಲವಂಗದ ಹಾಗೆ ಹಿತವಾಗಿರುತ್ತದೆ ಅಂತ ಬರಿಗೈಲಿ ಮುಟ್ಟುವುದೂ ಮೂಸುವುದೂ ಬೇಡ. ಮೈಗೆ ಒಳ್ಳೆಯದಲ್ಲ, ಜೊತೆಗೆ ವಿಷವೂ ಸೇರಿದೆ.

6. ಎಲ್ಲಿ, ಎಷ್ಟು, ಎಷ್ಟು ಎತ್ತರ

ಕಾಫಿ ತೋಟದಲ್ಲಿ ಕಿತ್ತಳೆ ಚದುರಿದ ಹಾಗೆ ಇರುತ್ತದೆ. ಒಂದು ಕಡೆ ಹತ್ತು ಮರ, ಆಮೇಲೆ ಐವತ್ತು ಹೆಜ್ಜೆ ಏನೂ ಇಲ್ಲ. ಹಾಗಾಗಿ ಮರ ಎಣಿಸಿ ಟ್ರ್ಯಾಪ್ ಕಟ್ಟಬೇಡಿ, ಜಾಗ ಅಳೆದು ಕಟ್ಟಿ.

ನೊಣ ಇದೆಯಾ ಅಂತ ನೋಡಲು ಎಕರೆಗೆ ಒಂದೆರಡು ಸಾಕು. ಗಂಡನ್ನು ಖಾಲಿ ಮಾಡಲು ಅಷ್ಟು ಸಾಲದು. ಪಂಜಾಬಿನವರು ಕಿನ್ನೋಗೆ ಎಕರೆಗೆ 16 ಅನ್ನುತ್ತಾರೆ, ಅಂದರೆ ಹದಿನಾರು ಮೀಟರಿಗೊಂದು. ಅಲ್ಲಿ ಕಿತ್ತಳೆ ಜಾತಿಯ ಮರ ಒತ್ತೊತ್ತಾಗಿ ಇರುತ್ತದೆ. ನಮ್ಮ ಮಿಶ್ರ ತೋಟಕ್ಕೆ ನಾನು ಎಕರೆಗೆ 10 ಕಟ್ಟುತ್ತೇನೆ, ಇಪ್ಪತ್ತು ಮೀಟರಿಗೊಂದು ಬರುತ್ತದೆ. ಬರೀ ಕಿತ್ತಳೆಯ ತೋಟವಾದರೆ 16 ಮಾಡಿ.

ಎತ್ತರ ನೆಲದಿಂದ ಒಂದರಿಂದ ಒಂದೂವರೆ ಮೀಟರ್. ನಿಂತುಕೊಂಡೇ ಕೈಗೆ ಸಿಗಬೇಕು. ಏಣಿ ಬೇಕಾಗುವ ಟ್ರ್ಯಾಪನ್ನು ಯಾರೂ ಎರಡನೇ ವಾರ ನೋಡುವುದಿಲ್ಲ. ಮರದ ನೆರಳಿನ ಒಳಗೆ ಇರಲಿ, ಸುಡು ಬಿಸಿಲಿಗೆ ಬಿದ್ದರೆ ಲ್ಯೂರ್ ಬೇಗ ಆರುತ್ತದೆ. ಆದರೆ ಎಲೆ, ಕೊಂಬೆ ಬಾಟಲಿಗೆ ತಾಗಬಾರದು. ಸುತ್ತ ಒಂದು ಗೇಣು ಎಲೆ ಸವರಿ. ಗಾಳಿ ಆಡಿದರೇ ವಾಸನೆ ಹರಡುವುದು.

ಎಲೆ ತಾಗಬಾರದು ಅನ್ನಲು ಇನ್ನೊಂದು ಕಾರಣ ಇರುವೆ. ಸತ್ತ ನೊಣ ಇರುವೆಗೆ ಹಬ್ಬದೂಟ. ಕೆಂಪಿರುವೆ ದಾರಿ ಕಂಡುಕೊಂಡರೆ ಒಂದು ರಾತ್ರಿಯಲ್ಲಿ ಬಾಟಲಿ ಖಾಲಿ, ತಳದಲ್ಲಿ ನಾಲ್ಕು ರೆಕ್ಕೆ ಮಾತ್ರ. ಟ್ರ್ಯಾಪಿಗೆ ಏನೂ ಬಿದ್ದಿಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. ನೇತುಹಾಕುವ ತಂತಿಗೆ ಎರಡು ಇಂಚು ಗ್ರೀಸ್ ಸವರಿ, ಮಳೆಗೆ ತೊಳೆದುಹೋದರೆ ಮತ್ತೆ ಸವರಿ.

ಬೇಲಿಯ ಸಾಲನ್ನು ಮರೆಯಬೇಡಿ. ಪಕ್ಕದ ತೋಟದಲ್ಲಿ ಹಣ್ಣು ಕೊಳೆಯುತ್ತಿದ್ದರೆ ಅಲ್ಲಿ ಕೂಡಿದ ಹೆಣ್ಣು ನಿಮ್ಮ ಕಡೆ ಬರುತ್ತದೆ. ಅದಕ್ಕೆ ನಿಮ್ಮ ಟ್ರ್ಯಾಪಿನಲ್ಲಿ ಉತ್ತರ ಇಲ್ಲ. ಸಾಧ್ಯವಾದರೆ ಅಕ್ಕಪಕ್ಕದ ನಾಲ್ಕೈದು ತೋಟದವರು ಒಂದೇ ವಾರ ಕಟ್ಟಿ. ಒಂದೆರಡು ಎಕರೆಯವರು ಒಬ್ಬರೇ ಕಟ್ಟಿ ಗೆಲ್ಲುವುದು ಕಷ್ಟ. ಪಕ್ಕದವರಿಗೆ ಆಸಕ್ತಿ ಇಲ್ಲದಿದ್ದರೆ ನಾಲ್ಕು ಟ್ರ್ಯಾಪ್ ನೀವೇ ಕೊಟ್ಟುಬಿಡಿ. ನನಗೆ ಗೊತ್ತಿರುವ ಅಗ್ಗದ ದಾರಿ ಅದೇ.

7. ವಾರಕ್ಕೊಮ್ಮೆ ಎಣಿಸಿ, ಬರೆದಿಡಿ

ಪ್ರತಿ ಟ್ರ್ಯಾಪಿಗೆ ಪೇಂಟಿನಲ್ಲಿ ನಂಬರ್ ಹಾಕಿ. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಖಾಲಿ ಮಾಡಿ, ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಜಾಸ್ತಿ ಬಿದ್ದಾಗ ಒಂದೊಂದೇ ಎಣಿಸುವುದು ಬೇಡ. ಚಿಕ್ಕ ಲೋಟಕ್ಕೆ ಎಷ್ಟು ನೊಣ ಹಿಡಿಯುತ್ತದೆ ಅಂತ ಒಮ್ಮೆ ಎಣಿಸಿಟ್ಟುಕೊಂಡು, ಆಮೇಲೆ ಲೋಟದಲ್ಲಿ ಅಳೆಯಿರಿ.

ಒಟ್ಟು ನೊಣವನ್ನು ಟ್ರ್ಯಾಪಿನ ಸಂಖ್ಯೆಯಿಂದ ಭಾಗಿಸಿ, ಮತ್ತೆ ದಿನಗಳಿಂದ ಭಾಗಿಸಿ. ಹತ್ತು ಟ್ರ್ಯಾಪಿನಲ್ಲಿ ಏಳು ದಿನಕ್ಕೆ 420 ನೊಣ ಬಿದ್ದರೆ ದಿನಕ್ಕೆ ಟ್ರ್ಯಾಪಿಗೆ 6. ಈ ಆರು ಜಾಸ್ತಿಯೋ ಕಮ್ಮಿಯೋ ಅನ್ನುವುದಕ್ಕಿಂತ ಹೋದ ವಾರ ಎಷ್ಟಿತ್ತು ಅನ್ನುವುದು ಮುಖ್ಯ. ಸೆಪ್ಟೆಂಬರ್‌ನಲ್ಲಿ ಏರಿ, ಹಣ್ಣು ಬಣ್ಣ ತಿರುಗುವಾಗ ಇಳಿಯುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಬಣ್ಣ ತಿರುಗುವಾಗಲೇ ಏರುತ್ತಿದ್ದರೆ ಎಂಟನೇ ಹಂತಕ್ಕೆ ತಕ್ಷಣ ಹೋಗಿ.

ಖಾಲಿ ಮಾಡುವುದನ್ನು ಬಿಟ್ಟರೆ ಸತ್ತ ನೊಣ ಕೊಳೆತು ನಾರುತ್ತದೆ, ತಳದ ತೂತು ಮುಚ್ಚಿ ನೀರು ನಿಲ್ಲುತ್ತದೆ.

ಲ್ಯೂರ್ ಬದಲಿಸುವುದು ಯಾವಾಗ? ಪೊಟ್ಟಣದ ಮೇಲೆ ಎರಡು ಮೂರು ತಿಂಗಳು ಅಂತ ಇದ್ದರೂ ನಾನು 45 ದಿನಕ್ಕೆ ಬದಲಿಸುತ್ತೇನೆ. ಅನುಮಾನ ಇದ್ದರೆ ಇಪ್ಪತ್ತು ಮೀಟರ್ ದೂರದಲ್ಲಿ ಹೊಸ ಲ್ಯೂರ್ ಇರುವ ಒಂದು ಟ್ರ್ಯಾಪ್ ಮೂರು ದಿನ ಕಟ್ಟಿ ನೋಡಿ. ಹೊಸದಕ್ಕೆ ಮುತ್ತಿ ಹಳೆಯದಕ್ಕೆ ಬಾರದಿದ್ದರೆ ಹಳೆಯದು ಮುಗಿದಿದೆ. ಎರಡಕ್ಕೂ ಬಾರದಿದ್ದರೆ ನೊಣವೇ ಕಮ್ಮಿ ಆಗಿದೆ, ದುಡ್ಡು ಉಳಿಸಿ. ತೆಗೆದ ಹಳೇ ತುಂಡನ್ನು ಅಲ್ಲೇ ಮರದಡಿ ಎಸೆಯಬೇಡಿ. ಅದರ ವಾಸನೆ ಪೂರ್ತಿ ಹೋಗಿರುವುದಿಲ್ಲ, ನೊಣ ನೆಲಕ್ಕೆ ಇಳಿಯುತ್ತದೆ, ಹೆಕ್ಕಿದ ಕೋಳಿ ಸಾಯಬಹುದು.

8. ಹೆಣ್ಣಿಗೆ ಬೇರೆ ಆಮಿಷ

ಟ್ರ್ಯಾಪ್ ತಡವಾಗಿದ್ದರೆ, ಅಥವಾ ಪಕ್ಕದ ತೋಟದಿಂದ ಹೆಣ್ಣು ಬರುತ್ತಿದ್ದರೆ ಆಮಿಷ ಸಿಂಪಡಣೆ ಬೇಕಾಗುತ್ತದೆ. ಮೊಟ್ಟೆ ಬಲಿಯಲು ಹೆಣ್ಣಿಗೆ ಪ್ರೋಟೀನ್ ಬೇಕು, ಸಿಹಿಯೂ ಬೇಕು. ಪ್ರೋಟೀನ್ ಆಮಿಷ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಲೀಟರ್ ನೀರಿಗೆ 10 ಗ್ರಾಂ ಬೆಲ್ಲ. ಅದಕ್ಕೆ ಬೆರೆಸುವ ಕೀಟನಾಶಕ ಯಾವುದು, ಎಷ್ಟು ಅನ್ನುವುದನ್ನು ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲೋ ಕೇಳಿಯೇ ಕೊಳ್ಳಿ. ನಿಯಮ ಬದಲಾಗುತ್ತಿರುತ್ತದೆ. ಲೇಬಲ್ ಮೇಲೆ ನಿಮ್ಮ ಬೆಳೆಯ ಹೆಸರಿರಲಿ. ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅಲ್ಲಿ ಬರೆದಿರುವುದನ್ನು ಓದಿ.

ಇಡೀ ಮರ ತೊಯ್ಯಿಸಬೇಡಿ. ಮರಕ್ಕೆ ಒಂದು ಕಡೆ, ಕೆಳಗಿನ ಕೊಂಬೆಯ ಎಲೆಗಳ ಅಡಿಭಾಗಕ್ಕೆ, ಒಂದು ಚಾಪೆಯಷ್ಟು ಜಾಗಕ್ಕೆ ದಪ್ಪ ಹನಿಯಲ್ಲಿ ಹೊಡೆದರೆ ಸಾಕು, ನೊಣವೇ ಹುಡುಕಿಕೊಂಡು ಬರುತ್ತದೆ. ಹಣ್ಣಿಗೆ ತಾಗಿಸಬೇಡಿ. ವಾರದಿಂದ ಹತ್ತು ದಿನಕ್ಕೊಮ್ಮೆ, ಮಳೆ ಬಂದರೆ ಮತ್ತೆ.

ಬೆಲ್ಲಕ್ಕೆ ಜೇನೂ ಬರುತ್ತದೆ. ತೋಟದಲ್ಲಿ ಜೇನುಪೆಟ್ಟಿಗೆ ಇದ್ದರೆ ಬೆಲ್ಲದ ಆಮಿಷ ಬೇಡವೇ ಬೇಡ, ಪ್ರೋಟೀನ್ ಆಮಿಷವನ್ನೇ ಹುಡುಕಿ.

ಅಪಾಯದ ಸೂಚನೆಗಳು

*ಮೊದಲ ವಾರ ಒಂದೂ ನೊಣ ಇಲ್ಲ.* ತೋಟದಲ್ಲಿ ನೊಣ ಇಲ್ಲ ಅಂತ ಅಂದುಕೊಳ್ಳಬೇಡಿ. ಕ್ಯೂ ಲ್ಯೂರ್ ತಂದಿದ್ದೀರಾ? ಪೊಟ್ಟಣದ ಒಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದ್ದೀರಾ? ನಗಬೇಡಿ, ಬಿಚ್ಚದೇ ಕಟ್ಟಿದವರನ್ನು ನೋಡಿದ್ದೇನೆ.

*ನೊಣ ಒಳಗೆ ಜೀವಂತ ಹಾರಾಡುತ್ತಿದೆ.* ವಿಷ ಇಲ್ಲ, ಅಥವಾ ಆರಿದೆ. ತಳದಲ್ಲಿ ತೂತಿದ್ದರೆ ಮುಚ್ಚಿ, ಸೋಪಿನ ನೀರು ಹಾಕಿ.

*ದಿಢೀರನೆ ಸೊನ್ನೆ.* ಇರುವೆ ನೋಡಿ, ನೀರು ತುಂಬಿದೆಯಾ ನೋಡಿ, ಆಮೇಲೆ ಲ್ಯೂರ್ ಅನುಮಾನಿಸಿ.

*ಒಂದೇ ಟ್ರ್ಯಾಪಿಗೆ ಉಳಿದವಕ್ಕಿಂತ ನಾಲ್ಕು ಪಟ್ಟು.* ಒಳ್ಳೇ ಸುದ್ದಿ. ಅದರ ಹತ್ತಿರ ಎಲ್ಲೋ ಹಣ್ಣು ಕೊಳೆಯುತ್ತಿದೆ. ಹೋಗಿ ಹುಡುಕಿ. ನಮ್ಮಲ್ಲಿ ಸಿಕ್ಕಿದ್ದು ಪಂಪ್‌ಹೌಸ್ ಹಿಂದೆ ಕೆಲಸದವರು ಸುರಿದ ಎರಡು ಬುಟ್ಟಿ ಕಿತ್ತಳೆ.

*ಎಣಿಕೆ ಇಳಿದಿದೆ, ಹಣ್ಣಿನಲ್ಲಿ ಹುಳ ಹಾಗೇ ಇದೆ.* ಹೊರಗಿಂದ ಹೆಣ್ಣು ಬರುತ್ತಿದೆ. ಬೇಲಿ ಸಾಲಿನ ಮರಗಳಿಗೆ ಆಮಿಷ, ಹಣ್ಣು ಬಣ್ಣ ತಿರುಗಿದ ಕೂಡಲೇ ಕೊಯ್ಲು.

9. ಕೊಯ್ಲು ಮುಗಿದ ಮೇಲೆ

ಕೊನೆಯ ಕೊಯ್ಲಿನಲ್ಲಿ ಮರದ ತುದಿಯ ಸಣ್ಣ, ಸೊಟ್ಟ ಹಣ್ಣು ಬಿಡುವುದು ರೂಢಿ. ಅವನ್ನೂ ಇಳಿಸಿ, ಚೀಲಕ್ಕೆ ಹಾಕಿ ಕಟ್ಟಿ. ಅವುಗಳಲ್ಲಿ ಹುಟ್ಟಿದ ನೊಣ ಮಾವಿಗೆ ಹೋಗಿ, ಸೀಬೆ ಸುತ್ತಿ, ಮತ್ತೆ ನಿಮ್ಮ ತೋಟಕ್ಕೇ ಬರುತ್ತದೆ. ಆಮೇಲೆ ಮರದಡಿಯ ಮಣ್ಣು ಇನ್ನೊಂದು ಸಲ ಕೆರೆಸಿ.

ತೋಟದ ಟ್ರ್ಯಾಪುಗಳನ್ನು ಕೊಯ್ಲಿನ ನಂತರ ಇನ್ನೂ ಒಂದು ತಿಂಗಳು ಬಿಡಿ, ಮಣ್ಣಿನಿಂದ ಏಳುವ ನೊಣ ಸಿಗುತ್ತದೆ. ಆಮೇಲೆ ಎಲ್ಲಾ ಇಳಿಸಿ, ಲ್ಯೂರ್ ತೆಗೆದು, ಸೋಪಿನಲ್ಲಿ ತೊಳೆದು ಒಣಗಿಸಿಡಿ. ಎರಡನ್ನು ಮಾತ್ರ ಹೊಸ ಲ್ಯೂರ್ ಹಾಕಿ ಉಳಿಸಿಕೊಳ್ಳಿ: ಒಂದು ಮನೆ ಹಿತ್ತಲಿನ ಮಾವಿಗೆ, ಇನ್ನೊಂದು ಲೈನ್ ಮನೆ ಪಕ್ಕದ ಆ ಸೀಬೆ ಮರಕ್ಕೆ. ಉಳಿದ ಲ್ಯೂರ್ ಇದ್ದರೆ ಪೊಟ್ಟಣ ಒಡೆಯದೆ, ಗಾಳಿಯಾಡದ ಡಬ್ಬಿಯಲ್ಲಿ, ತಣ್ಣಗಿನ ಕತ್ತಲೆ ಜಾಗದಲ್ಲಿ ಬೀಗ ಹಾಕಿಡಿ. ಫ್ರಿಜ್ಜಿನಲ್ಲಿ ಬೇಡ.